ಅಮ್ಮನಿಗೆ ಇಂಪ್ಲಾಂಟ್ ಹಲ್ಲು ಹಾಕಿಸಬೇಕು ಅಂತಿದ್ದೇವೆ, ಹಾಕಿಸಿಕೊಂಡವರು ಸ್ವಲ್ಪ ಹೇಳಿ

ಗುತ್ತಲು ರೋಡ್

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಅಮ್ಮನಿಗೆ 61 ವರ್ಷ. ಕೆಳಗಡೆ ಬಲಗಡೆಯ ಕೊನೆಯ ಎರಡು ದವಡೆ ಹಲ್ಲು ಹುಳುಕಾಗಿ ಕೀಳಿಸಿ ಎರಡು ವರ್ಷದ ಮೇಲಾಯಿತು. ಈಗ ಏನು ತಿಂದರೂ ಎಡಗಡೆಯಲ್ಲೇ ಅಗಿಯುತ್ತಾರೆ. ಆ ಕಡೆಯ ಹಲ್ಲೂ ಜುಮ್ ಅನ್ನೋಕೆ ಶುರುವಾಗಿದೆ. ತೆಗೆದು ಹಾಕುವ ಹಲ್ಲು ಸೆಟ್ ಮಾಡಿಸಿಕೊಟ್ಟಿದ್ದೆವು. ಒಸಡು ಒತ್ತುತ್ತದೆ ಅಂತ ಒಂದು ವಾರಕ್ಕೇ ತೆಗೆದಿಟ್ಟರು, ಮದುವೆ ಮನೆಗೂ ಹಾಕಿಕೊಳ್ಳುವುದಿಲ್ಲ.

ಮೈಸೂರಿನ ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆವು. ಇಂಪ್ಲಾಂಟ್ ಮಾಡಿಸಿ (ಮೂಳೆಯೊಳಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಹಾಕೋದು), ಎರಡಕ್ಕೂ ಸೇರಿ 70 ಸಾವಿರ ಆಗುತ್ತದೆ, ಐದಾರು ತಿಂಗಳು ಹಿಡಿಯುತ್ತದೆ ಅಂದರು. ಇನ್ನೊಂದು ಕಡೆ ನೋಡಿದರೆ 'ಮೂರೇ ದಿನದಲ್ಲಿ ಫಿಕ್ಸ್ ಹಲ್ಲು' ಅಂತ ದೊಡ್ಡ ಬೋರ್ಡು. ಮೂರು ದಿನ ಎಲ್ಲಿ, ಆರು ತಿಂಗಳು ಎಲ್ಲಿ? ಯಾರನ್ನು ನಂಬೋದು?

ಅಮ್ಮನಿಗೆ ಶುಗರ್ ಇದೆ, ಮಾತ್ರೆ ತಗೋತಾರೆ. ಊಟ ಆದ ಮೇಲೆ ಎಲೆ ಅಡಿಕೆ ಬೇಕೇ ಬೇಕು, ಜೊತೆಗೆ ಚೂರು ಕಡ್ಡಿಪುಡಿ. ಅವರ ಭಯ ಒಂದೇ. "ಮೂಳೆಗೇ ತೂತು ಹಾಕ್ತಾರಂತೆ ಕಣ್ಲಾ ಮಗ, ನನ್ ಕೈಲಿ ತಡ್ಕಳಕ್ಕಾಯ್ತದಾ?" ಅಂತ ದಿನಾ ಕೇಳುತ್ತಾರೆ.

ನಿಜವಾಗಿ ಎಷ್ಟು ನೋವಾಗುತ್ತದೆ? ಊಟಕ್ಕೆ ಏನು ಮಾಡಬೇಕು? ಇಷ್ಟು ದುಡ್ಡು ಹಾಕಿ ಆಮೇಲೆ ಅಲ್ಲಾಡಿದರೆ ಏನು ಗತಿ? ಸುಮ್ನೆ ಹೆದರಿಸಬೇಡಿ, ಸುಮ್ನೆ ಸಮಾಧಾನಕ್ಕೂ ಹೇಳಬೇಡಿ.

ಕುವೆಂಪುನಗರ ಕೆ ಬ್ಲಾಕ್

ನಾನು ಹೋದ ವರ್ಷ ಹಾಕಿಸಿಕೊಂಡೆ, ಅದೇ ಜಾಗ, ಕೆಳಗಿನ ದವಡೆ. ನೋವಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಹಲ್ಲು ಕೀಳಿಸಿಕೊಂಡು ತಡೆದುಕೊಂಡಿದ್ದಾರೆ ಅಂದರೆ ಅಮ್ಮ ಇದನ್ನೂ ತಡೆದುಕೊಳ್ಳುತ್ತಾರೆ. ನನಗಂತೂ ಕೀಳಿಸಿದ್ದೇ ಜಾಸ್ತಿ ಕಷ್ಟವಾಗಿತ್ತು.

ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗ ಚುರುಕ್ ಅನ್ನುತ್ತದೆ, ನೋವು ಅಂದರೆ ಅಷ್ಟೇ. ಆಮೇಲೆ ಅರ್ಧ ತುಟಿ, ಅರ್ಧ ನಾಲಿಗೆ ನಮ್ಮದಲ್ಲ. ಒಸಡು ಸೀಳಿ ಪಕ್ಕಕ್ಕೆ ಸರಿಸುತ್ತಾರೆ, ಸಣ್ಣ ಡ್ರಿಲ್ಲಿನಿಂದ ಶುರು ಮಾಡಿ ಒಂದಾದ ಮೇಲೊಂದು ದಪ್ಪದ್ದು ಹಾಕಿ ತೂತು ಅಗಲ ಮಾಡುತ್ತಾರೆ. ನೋವಿಲ್ಲ, ಆದರೆ ಸದ್ದು ಇದೆಯಲ್ಲ, ಅದು ಪಕ್ಕದ ಮನೆಯವರು ನಮ್ಮ ಗೋಡೆಗೆ ಡ್ರಿಲ್ ಹಾಕಿದ ಹಾಗೆ ತಲೆಯೊಳಗೇ ಕೇಳುತ್ತದೆ. ಇದನ್ನು ಅಮ್ಮನಿಗೆ ಮುಂಚೆಯೇ ಹೇಳಿಡಿ. ಗೊತ್ತಿಲ್ಲದೆ ಕೂತರೆ ಸದ್ದಿಗೇ ಹೆದರುತ್ತಾರೆ. ಮೂಳೆ ಬಿಸಿಯಾಗಬಾರದು ಅಂತ ಪೂರ್ತಿ ಹೊತ್ತು ನೀರು ಬಿಡುತ್ತಿರುತ್ತಾರೆ, ಪಕ್ಕದಲ್ಲಿ ಒಬ್ಬರು ಪೈಪಿನಲ್ಲಿ ಎಳೆಯುತ್ತಿರುತ್ತಾರೆ, ಆದರೂ ಗಂಟಲಿಗೆ ಇಳಿದ ಹಾಗಾಗುತ್ತದೆ. ಮೂಗಿನಲ್ಲಿ ಉಸಿರಾಡಿ ಅಂದರೆ ಸರಿ. ಕೊನೆಗೆ ಟೈಟಾನಿಯಂ ಸ್ಕ್ರೂವನ್ನು ಸಣ್ಣ ಸ್ಪ್ಯಾನರಿನಂಥದ್ದರಲ್ಲಿ ಬಿಗಿ ಮಾಡುತ್ತಾರೆ. ದವಡೆ ಒತ್ತಿದ ಹಾಗೆ ಅನಿಸುತ್ತದೆ. ಹೊಲಿಗೆ ಹಾಕಿದರೆ ಮುಗಿಯಿತು. ಒಂದಕ್ಕೆ ಒಂದು ಗಂಟೆಯೊಳಗೆ ಆಗುತ್ತದೆ.

ಊತ ಅವತ್ತಿಗಿಂತ ಎರಡನೇ ಮೂರನೇ ದಿನ ಜಾಸ್ತಿ. ಅದನ್ನು ನೋಡಿ ಗಾಬರಿಯಾಗಬೇಡಿ. ಮೊದಲ ದಿನ ಕೆನ್ನೆಯ ಹೊರಗಿಂದ ಐಸ್ ಇಡಬೇಕು, ಬಟ್ಟೆಯಲ್ಲಿ ಸುತ್ತಿ, ಬಿಟ್ಟು ಬಿಟ್ಟು. 24 ಗಂಟೆ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗಿಯಬಾರದು, ಸ್ಟ್ರಾ ಹಾಕಿ ಎಳನೀರು ಕುಡಿಯಬಾರದು, ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ. ಉಗಿಯುವ ಅಭ್ಯಾಸ ಇರುವವರಿಗೆ ಇದೇ ಕಷ್ಟ, ಎಲೆ ಅಡಿಕೆ ಅಂದಿರಲ್ಲ ಅದಕ್ಕೇ ಹೇಳಿದೆ.

ಊಟಕ್ಕೆ ನಮ್ಮ ಕಡೆಯವರು ಪುಣ್ಯವಂತರು. ಮುದ್ದೆ ಇದೆಯಲ್ಲ, ಅಗಿಯುವ ಕೆಲಸವೇ ಇಲ್ಲ. ಆರಿಸಿ ಕೊಡಿ, ಒಲೆ ಮೇಲಿಂದ ಇಳಿಸಿದ ಬಿಸಿಯಲ್ಲಿ ಬೇಡ, ಸಾರಿಗೆ ಖಾರ ಕಡಿಮೆ ಹಾಕಿ. ಮೊಸರನ್ನ, ಹಾಲಲ್ಲಿ ನೆನೆಸಿದ ಇಡ್ಲಿ, ರಾಗಿ ಅಂಬಲಿ ಎಲ್ಲಾ ನಡೆಯುತ್ತದೆ. ಎಳ್ಳು, ಸಾಸಿವೆ, ಕಡಲೆಪುರಿಯಂಥ ಸಣ್ಣ ಕಾಳು ಹೊಲಿಗೆಯಲ್ಲಿ ಸೇರಿಕೊಂಡರೆ ತಲೆನೋವು. ನಾನು ಮೂರನೇ ದಿನಕ್ಕೆ ಆಫೀಸಿಗೆ ಹೋದೆ.

ಬನ್ನೂರು ಕುರಿ

ಮೇಲಿನವರು ಹೇಳಿದ್ದು ಸರಿ. ನಾನು ಆಮೇಲಿನ ಕಥೆ ಹೇಳುತ್ತೇನೆ. ನಮ್ಮ ಭಾವ ಹಾಕಿಸಿಕೊಂಡು ಏಳೆಂಟು ವರ್ಷ ಆಗಿದೆ, ಇಂಪ್ಲಾಂಟ್ ಗಟ್ಟಿಯಾಗಿ ಕೂತಿದೆ. ಆದರೆ ಮನುಷ್ಯ ನಲ್ಲಿ ಮೂಳೆ ಬಿಡುವವರಲ್ಲ. ಒಂದು ಸಲ ಬೀಗರ ಊಟದಲ್ಲಿ ಕಟಕ್ ಅಂತು, ಮೇಲಿನ ಕ್ಯಾಪು, ಅಂದರೆ ಸ್ಕ್ರೂ ಮೇಲೆ ಕೂರಿಸಿದ ಹಲ್ಲು, ಅಲ್ಲಾಡೋಕೆ ಶುರುವಾಯಿತು. ಸ್ಕ್ರೂ ಬಿದ್ದೇ ಹೋಯಿತು, ದುಡ್ಡೆಲ್ಲಾ ನೀರಲ್ಲಿ ಹೋಮ ಅಂತ ಅಕ್ಕ ಅಳೋಕೆ ಕೂತರು. ಡಾಕ್ಟರ್ ನೋಡಿ ಕ್ಯಾಪ್ ಹಿಡಿದುಕೊಂಡಿರೋ ಒಳಗಿನ ಚಿಕ್ಕ ಸ್ಕ್ರೂ ಸಡಿಲ ಆಗಿದೆ ಅಷ್ಟೇ ಅಂತ ಕೂತಲ್ಲೇ ಬಿಗಿ ಮಾಡಿ ಕಳಿಸಿದರು. ಅಲ್ಲಾಡಿದರೆ ಏನು ಗತಿ ಅಂದಿರಲ್ಲ, ಅಲ್ಲಾಡುತ್ತಿರೋದು ಮೇಲಿನ ಕ್ಯಾಪಾ ಮೂಳೆಯೊಳಗಿನ ಸ್ಕ್ರೂವಾ ಅನ್ನೋದು ಮೊದಲು ತಿಳಿಯಬೇಕು. ಕ್ಯಾಪ್ ಆದರೆ ಸಣ್ಣ ಕೆಲಸ. ಆದರೆ ಅಲ್ಲಾಡುತ್ತಲೇ ತಿಂಗಳುಗಟ್ಟಲೆ ತಿನ್ನುತ್ತಾ ಕೂರಬಾರದು.

ಅಂದಹಾಗೆ ಕಬ್ಬು ಹಲ್ಲಲ್ಲಿ ಸಿಗಿಯೋದು ಖಾಯಂ ಬಂದ್. ಮಂಡ್ಯದವರಿಗೆ ಇದನ್ನು ಹೇಳೋಕೆ ಬೇಜಾರು, ಏನು ಮಾಡೋದು, ಕಬ್ಬಿನ ಹಾಲು ಕುಡೀರಿ.

ಹಲ್ಲು ನೋಡುವವ

ಮೈಸೂರಿನಲ್ಲಿ ದಂತವೈದ್ಯ. ಪರೀಕ್ಷೆ ಮಾಡದೆ ನಿಮ್ಮ ತಾಯಿಗೆ ಇಂಥದ್ದೇ ಮಾಡಿ ಅಂತ ಹೇಳಲಾರೆ, ಆದರೆ ಕೇಳಿದ್ದಕ್ಕೆ ಉತ್ತರ ಕೊಡಬಹುದು.

ಐದಾರು ತಿಂಗಳು ಯಾಕೆ? ಸ್ಕ್ರೂ ಹಾಕಿದ ದಿನ ಅದು ಬರೀ ಬಿಗಿಯಿಂದ ನಿಂತಿರುತ್ತದೆ. ಆಮೇಲೆ ಮೂಳೆ ಬೆಳೆದು ಟೈಟಾನಿಯಂ ಮೈಗೆ ನೇರವಾಗಿ ಅಂಟಿಕೊಳ್ಳಬೇಕು. ಇದು ಗೊತ್ತಾಗಿದ್ದೇ ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಅನ್ನುವ ವೈದ್ಯರು ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ನೋಡಲು ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಕೊಳವೆ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯೋಣ ಅಂದರೆ ಬರಲೇ ಇಲ್ಲ. 1965ರಲ್ಲಿ ಅವರು ಮೊದಲ ಸಲ ಒಬ್ಬ ರೋಗಿಯ ದವಡೆಗೆ ಹಾಕಿದರು. ಆತ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಬಾಯಲ್ಲೇ ಇದ್ದವು. ಕೆಳಗಿನ ದವಡೆಗೆ ಮೂರು ತಿಂಗಳು, ಮೂಳೆ ಮೆತ್ತಗಿರುವ ಮೇಲಿನ ದವಡೆಗೆ ಆರು ತಿಂಗಳು ಕಾಯಬೇಕು ಅನ್ನುವ ಲೆಕ್ಕವೂ ಅವರ ಕಾಲದ್ದೇ. ಈಗಿನ ಸ್ಕ್ರೂಗಳ ಮೈ ಒರಟಾಗಿರುವುದರಿಂದ ಸ್ವಲ್ಪ ಬೇಗ ಆಗುತ್ತದೆ. ಆದರೆ ಶುಗರ್ ಇರುವವರಲ್ಲಿ ನಾನು ಆತುರ ಮಾಡುವುದಿಲ್ಲ. ಮೂಳೆ ಹಿಡಿದ ಮೇಲೆ ಒಸಡು ಬಿಡಿಸಿ ಒಂದು ಸಣ್ಣ ತಾತ್ಕಾಲಿಕ ಮುಚ್ಚಳ ಹಾಕಿ ಒಂದೆರಡು ವಾರ ಬಿಡುತ್ತೇವೆ, ಆಮೇಲೆ ಅಳತೆ, ಆಮೇಲೆ ಹಲ್ಲು. ಹೀಗೆ ಐದು ತಿಂಗಳು ಆಗಿಬಿಡುತ್ತದೆ.

ಮೂರು ದಿನದ ಬೋರ್ಡು ಪೂರ್ತಿ ಸುಳ್ಳು ಅಂತಲ್ಲ. ಒಂದು ದವಡೆಯ ಹಲ್ಲೆಲ್ಲಾ ಹೋದವರಿಗೆ ನಾಲ್ಕೋ ಆರೋ ಇಂಪ್ಲಾಂಟ್ ಹಾಕಿ, ಎಲ್ಲವನ್ನೂ ಒಂದಕ್ಕೊಂದು ಕಟ್ಟಿ ಬೇಗ ಹಲ್ಲು ಕೊಡುವುದುಂಟು. ನಿಮ್ಮ ತಾಯಿಗೆ ಬೇಕಾಗಿರುವುದು ಕೊನೆಯ ದವಡೆ ಹಲ್ಲು, ಅಗಿಯುವ ಭಾರವೆಲ್ಲಾ ಬೀಳುವುದು ಅಲ್ಲೇ. ಮೂಳೆ ಹಿಡಿಯುವ ಮುಂಚೆ ಭಾರ ಬಿದ್ದು ಸ್ಕ್ರೂ ಒಳಗೇ ಅಲುಗಾಡಿದರೆ ಸುತ್ತ ಮೂಳೆಯ ಬದಲು ಮೆತ್ತನೆಯ ನಾರು ಬೆಳೆಯುತ್ತದೆ, ಆಮೇಲೆ ತೆಗೆಯಲೇಬೇಕು.

ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಹಲ್ಲು, ಯಾಕಾಗಬಾರದು ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಬ್ರಿಡ್ಜಿಗೆ ಹಿಂದೆ ಮುಂದೆ ಎರಡೂ ಕಡೆ ಹಲ್ಲು ಬೇಕು. ಕೊನೆಯ ಎರಡೂ ಹೋಗಿದ್ದರೆ ಹಿಂದಿನ ಆಧಾರವೇ ಇಲ್ಲ.

ಎರಡು ವರ್ಷ ಖಾಲಿ ಬಿಟ್ಟಿರುವುದರಿಂದ ಮೂಳೆ ಸವೆದಿರುತ್ತದೆ. ಕಿತ್ತ ಮೊದಲ ವರ್ಷದಲ್ಲೇ ಅಗಲ ಅರ್ಧದಷ್ಟು ಕಡಿಮೆಯಾಗುವುದುಂಟು. ಅದಕ್ಕೇ ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಇಲ್ಲದೆ ಯಾರ ಹತ್ತಿರವೂ ಕೂರಬೇಡಿ. ಕೆಳದವಡೆಯ ಮೂಳೆಯೊಳಗೆ ತುಟಿ, ಗದ್ದಕ್ಕೆ ಹೋಗುವ ನರ ಇದೆ, ಅದು ಎಷ್ಟು ಆಳದಲ್ಲಿದೆ ಅಂತ ಆ ಸ್ಕ್ಯಾನಿನಲ್ಲಿ ಸರಿಯಾಗಿ ಅಳೆಯಬಹುದು. ಆಪರೇಷನ್ ಆದ ಮಾರನೇ ದಿನವೂ ತುಟಿ ಮರಗಟ್ಟಿದ ಹಾಗೇ ಇದ್ದರೆ ಅವತ್ತೇ ಫೋನ್ ಮಾಡಬೇಕು, ಸರಿಹೋಗುತ್ತದೆ ಬಿಡು ಅಂತ ಕಾಯಬಾರದು. ಮೂಳೆ ಸಾಲದಿದ್ದರೆ ಮೂಳೆ ಪುಡಿ ತುಂಬಬೇಕಾಗುತ್ತದೆ. ಆಗ ದುಡ್ಡೂ ಜಾಸ್ತಿ, ತಿಂಗಳೂ ಜಾಸ್ತಿ.

ಶುಗರ್ ಇದ್ದರೆ ಆಗುವುದೇ ಇಲ್ಲ ಅಂತಲ್ಲ. ಎಚ್‌ಬಿಎ1ಸಿ ಮಾಡಿಸಿ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ. 7ರ ಆಸುಪಾಸು ಇದ್ದರೆ ಧೈರ್ಯವಾಗಿ ಮುಂದುವರಿಯುತ್ತೇವೆ, 8 ದಾಟಿದ್ದರೆ ಮೊದಲು ಶುಗರ್ ಇಳಿಸಿಕೊಂಡು ಬನ್ನಿ ಅನ್ನುತ್ತೇನೆ. ಕಡ್ಡಿಪುಡಿ ಮಾತ್ರ ಬಿಡಲೇಬೇಕು. ಹೊಗೆಸೊಪ್ಪು ಒಸಡಿಗೆ ರಕ್ತ ಹೋಗುವುದನ್ನೇ ಕಡಿಮೆ ಮಾಡುತ್ತದೆ, ಗಾಯ ಮಾಯುವುದಿಲ್ಲ. ಅಡಿಕೆ ಹಾಕುವವರ ಬಾಯಿ ಬಿಗಿಯಾಗಿ ಸರಿಯಾಗಿ ತೆರೆಯದೇ ಇರುವುದೂ ಉಂಟು, ಹಿಂದಿನ ಹಲ್ಲಿಗೆ ಡ್ರಿಲ್ ಹಿಡಿಯಲು ಜಾಗವೇ ಸಿಗುವುದಿಲ್ಲ. ಕನ್ನಡಿ ಮುಂದೆ ಬಾಯಿ ತೆರೆಸಿ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಯುತ್ತಾ ನೋಡಿ.

ಒಂದು ಪ್ರಶ್ನೆ. ಶುಗರ್ ಮಾತ್ರೆ ಬಿಟ್ಟು ಬೇರೆ ಏನು ತಗೋತಾರೆ? ರಕ್ತ ತೆಳುವಾಗಿಸುವ ಮಾತ್ರೆ? ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ಏನಾದರೂ?

ಗುತ್ತಲು ರೋಡ್

ಸರ್, ತುಂಬಾ ಥ್ಯಾಂಕ್ಸ್. ನೀವು ಕೇಳಿದ ಮೇಲೆ ಅಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಮೂಳೆ ಡಾಕ್ಟರ್ ಬರೆದುಕೊಟ್ಟ ಒಂದು ಮಾತ್ರೆ ಇದೆ, ವಾರಕ್ಕೆ ಒಂದೇ. ಭಾನುವಾರ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ ಕೂತಿರುತ್ತಾರೆ. ಸ್ಟ್ರಿಪ್ ಮೇಲೆ ಅಲೆಂಡ್ರೊನೇಟ್ 70 ಅಂತ ಇದೆ. ಅದಕ್ಕೂ ಹಲ್ಲಿಗೂ ಏನು ಸಂಬಂಧ? ಕ್ಲಿನಿಕ್‌ನಲ್ಲಿ ಫಾರಂ ತುಂಬಿಸಿದ್ದರು, ಅದರಲ್ಲಿ ಬಿಪಿ, ಶುಗರ್, ಹಾರ್ಟ್ ಅಷ್ಟೇ ಕೇಳಿದ್ದರು.

ಬಾಯಿ ಮೂರು ಬೆರಳು ಹಿಡಿಯುತ್ತದೆ. ಅಷ್ಟು ಸಮಾಧಾನ.

ಹಲ್ಲು ನೋಡುವವ

ಸಂಬಂಧ ಇದೆ. ಆ ಮಾತ್ರೆ ಮೂಳೆ ಕರಗುವುದನ್ನು ತಡೆಯುತ್ತದೆ, ಒಳ್ಳೆಯದೇ. ಆದರೆ ದವಡೆಯಲ್ಲಿ ಗಾಯವಾದಾಗ ಹಳೆ ಮೂಳೆ ಕರಗಿ ಹೊಸದು ಬರಬೇಕಲ್ಲ, ಆ ಕೆಲಸವೂ ನಿಧಾನವಾಗುತ್ತದೆ. ಅಪರೂಪಕ್ಕೆ ಗಾಯ ಮಾಯದೆ ದವಡೆ ಮೂಳೆಯೇ ಸತ್ತು ಹೊರಗೆ ಕಾಣಿಸಿಕೊಳ್ಳುತ್ತದೆ. ಒಮ್ಮೆ ಬಂದರೆ ವಾಸಿ ಮಾಡುವುದು ಕಷ್ಟ. ಮಾತ್ರೆ ರೂಪದಲ್ಲಿ ತಗೊಳ್ಳುವವರಿಗೆ ಈ ಅಪಾಯ ತುಂಬಾ ಕಡಿಮೆ, ಕ್ಯಾನ್ಸರಿಗೆ ಅಂತ ಇದೇ ಜಾತಿಯ ಔಷಧಿಯನ್ನು ಇಂಜೆಕ್ಷನ್ನಿನಲ್ಲಿ ಕೊಟ್ಟಿದ್ದರೆ ಬಹಳ ಜಾಸ್ತಿ. ಅವರಿಗೆ ಇಂಪ್ಲಾಂಟ್ ಬೇಡ ಅಂತಲೇ ಹೇಳುತ್ತೇವೆ. ಮಾತ್ರೆಯವರಿಗೆ ಎಷ್ಟು ವರ್ಷದಿಂದ ನುಂಗುತ್ತಿದ್ದಾರೆ ಅನ್ನುವುದು ಮುಖ್ಯ. ನಾಲ್ಕು ವರ್ಷ ದಾಟಿದ್ದರೆ ಇನ್ನೂ ಹುಷಾರಾಗಿರಬೇಕು. ಸ್ಟೀರಾಯ್ಡ್ ಕೂಡ ತಗೊಂಡಿದ್ದರೆ ಅದನ್ನೂ ಹೇಳಿ. ಮೂಳೆ ಸವೆತಕ್ಕೇ ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೋಸುಮಾಬ್, ವರ್ಷಕ್ಕೊಮ್ಮೆ ಹಾಕುವ ಜೊಲೆಡ್ರೋನಿಕ್ ಡ್ರಿಪ್ ಬಗ್ಗೆಯೂ ಕೇಳಿಕೊಳ್ಳಿ, ಡ್ರಿಪ್ ಹಾಕಿಸಿಕೊಂಡಿದ್ದು ಜನ ಮರೆತೇ ಬಿಟ್ಟಿರುತ್ತಾರೆ.

ಇದನ್ನು ಓದಿ ಈ ಭಾನುವಾರವೇ ಮಾತ್ರೆ ನಿಲ್ಲಿಸಬೇಡಿ. ಸೊಂಟದ ಮೂಳೆ ಮುರಿದರೆ ಹಲ್ಲಿಗಿಂತ ದೊಡ್ಡ ಕಷ್ಟ. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ಅವರಿಂದ ಒಂದು ಚೀಟಿ ಬರೆಸಿಕೊಂಡು ಇಂಪ್ಲಾಂಟ್ ಹಾಕುವವರಿಗೆ ಕೊಡಿ.

ಶ್ರೀರಂಗಪಟ್ಟಣ ಲೋಕಲ್

ಸರ್ ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ತಂದೆಗೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗೋ ಮಾತ್ರೆ ಐದು ದಿನ ನಿಲ್ಲಿಸಿ ಹಲ್ಲಿಗೆ ಬನ್ನಿ ಅಂತ ಒಬ್ಬರು ಹೇಳಿದರು, ಸರೀನಾ?

ಹಲ್ಲು ನೋಡುವವ

ಹಾರ್ಟ್ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಬಾಯಲ್ಲಿ ರಕ್ತ ಬಂದರೆ ಒತ್ತಿ ಹಿಡಿದು, ಹೊಲಿದು ನಿಲ್ಲಿಸಬಹುದು. ಸ್ಟೆಂಟ್ ಒಳಗೆ ರಕ್ತ ಗಟ್ಟಿಯಾದರೆ ನಾವು ಏನೂ ಮಾಡೋಕಾಗಲ್ಲ. ಸ್ಟೆಂಟ್ ಹಾಕಿ ಎಷ್ಟು ತಿಂಗಳಾಯಿತು ಅನ್ನೋದನ್ನೂ ಹೇಳಬೇಕು, ಹೊಸದಾಗಿದ್ದರೆ ಇಂಪ್ಲಾಂಟನ್ನೇ ಮುಂದಕ್ಕೆ ಹಾಕಬಹುದು, ಅವಸರದ ಕೆಲಸವೇನಲ್ಲ.

ಸರಸ್ವತಿಪುರಂ ಆಂಟಿ

ದುಡ್ಡಿನ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಹೇಳುತ್ತೇನೆ ಕೇಳಪ್ಪ. ಎರಡಕ್ಕೆ 70 ಸಾವಿರ ಅಂದರಲ್ಲ, ಅದರಲ್ಲಿ ಏನೇನು ಸೇರಿದೆ ಅಂತ ಪೇಪರ್ ಮೇಲೆ ಬರೆಸಿಕೋ. ಒಳಗಿನ ಸ್ಕ್ರೂ ಒಂದು, ಅದಕ್ಕೂ ಹಲ್ಲಿಗೂ ಮಧ್ಯ ಕೂರುವ ಅಬಟ್ಮೆಂಟ್ ಒಂದು, ಮೇಲಿನ ಕ್ಯಾಪ್ ಒಂದು. ಕೆಲವರು ಸ್ಕ್ರೂ ರೇಟ್ ಮಾತ್ರ ಹೇಳಿ ಕರೆಸುತ್ತಾರೆ, ಕ್ಯಾಪ್ ಹಾಕೋ ದಿನ ಇನ್ನೊಂದು ಬಿಲ್ಲು. ಸ್ಕ್ಯಾನ್ ಬೇರೆ, ಮೂಳೆ ಪುಡಿ ಬೇರೆ. ಕ್ಯಾಪಿನಲ್ಲೂ ಲೋಹದ ಮೇಲೆ ಪಿಂಗಾಣಿ ಹಾಕಿದ್ದು ಅಗ್ಗ, ಜಿರ್ಕೋನಿಯಾ ಜಾಸ್ತಿ. ಹಿಂದಿನ ಹಲ್ಲು ತಾನೇ, ಯಾರು ನೋಡುತ್ತಾರೆ, ಯಾವುದು ಗಟ್ಟಿ ಅಂತ ಡಾಕ್ಟರನ್ನೇ ಕೇಳಿ ಹಾಕಿಸು.

ಸ್ಕ್ರೂನಲ್ಲಿ ಕಂಪನಿಗಳು ಬೇಕಾದಷ್ಟಿವೆ. ಸ್ಟ್ರಾಮನ್, ನೋಬೆಲ್ ಬಯೋಕೇರ್ ದುಬಾರಿ, ಕೊರಿಯಾದ ಆಸ್ಟೆಮ್ ಅದಕ್ಕಿಂತ ಕಡಿಮೆ. ದುಬಾರಿಯದೇ ಬೇಕು ಅಂತ ನಾನು ಹೇಳಲ್ಲ. ಆದರೆ ಡಬ್ಬಿ ಮೇಲಿನ ಸ್ಟಿಕರ್ ಅಂಟಿಸಿದ ಕಾರ್ಡು ಇಸ್ಕೋಬೇಕು. ಕಂಪನಿ ಹೆಸರು, ಸೈಜು, ಲಾಟ್ ನಂಬರ್ ಎಲ್ಲಾ ಅದರಲ್ಲಿರುತ್ತೆ. ಹತ್ತು ವರ್ಷ ಬಿಟ್ಟು ಡಾಕ್ಟರ್ ಊರು ಬಿಟ್ಟರು ಅನ್ಕೋ, ಹೊಸಬರಿಗೆ ಯಾವ ಸ್ಕ್ರೂ ಡ್ರೈವರ್ ಹಾಕಬೇಕು ಅಂತಲೇ ಗೊತ್ತಾಗಲ್ಲ. ಒಂದು ಕಂಪನಿಯದು ಇನ್ನೊಂದಕ್ಕೆ ಕೂರಲ್ಲ.

ಖರ್ಚು ಕಡಿಮೆ ಆಗಬೇಕು ಅಂದರೆ ಡೆಂಟಲ್ ಕಾಲೇಜಿಗೆ ಹೋಗು. ಬನ್ನಿಮಂಟಪದ ಹತ್ತಿರ ಜೆಎಸ್‌ಎಸ್ ಇದೆ, ಮಂಡ್ಯ ಕಡೆಯಿಂದ ಬರುವವರು ಮೈಸೂರು ಪೂರ್ತಿ ಸುತ್ತುವ ಕೆಲಸವಿಲ್ಲ. ಫಾರೂಖಿಯಾ ಕಾಲೇಜೂ ಇದೆ. ಕಾಲೇಜಿನಲ್ಲಿ ಪಿಜಿ ಮಾಡುತ್ತಿರುವ ಡಾಕ್ಟರುಗಳು ಮಾಡುತ್ತಾರೆ, ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಒಂದೊಂದು ಸಲ ಹೋದರೂ ಅರ್ಧ ದಿನ ಹಿಡಿಯುತ್ತೆ, ಅದೊಂದು ತಾಳ್ಮೆ ಬೇಕು. ಇನ್ಶೂರೆನ್ಸ್ ನಂಬಿಕೊಂಡು ಕೂರಬೇಡ, ಆಕ್ಸಿಡೆಂಟಲ್ಲಿ ಹಲ್ಲು ಹೋದರೆ ಒಂದು ಮಾತು, ಹುಳುಕಾಗಿ ಹೋಗಿದ್ದಕ್ಕೆ ಸಾಮಾನ್ಯವಾಗಿ ಕೊಡಲ್ಲ.

ಇನ್ನೊಂದು. ಇಂಪ್ಲಾಂಟಿಗೆ ಹುಳುಕು ಹಿಡಿಯಲ್ಲ ಅಂತ ಹೇಳಿ ಜನ ಉಜ್ಜೋದೇ ಬಿಡುತ್ತಾರೆ. ಹುಳುಕು ಹಿಡಿಯಲ್ಲ ಸರಿ, ಸುತ್ತಲಿನ ಒಸಡು ಕೊಳೆಯುತ್ತಲ್ಲ. ನನಗೆ ಮೇಲಿನ ದವಡೆಯಲ್ಲಿ ಎರಡಿವೆ, ರಾತ್ರಿ ಸಂದಿ ಬ್ರಷ್ ಹಾಕದೆ ಮಲಗಲ್ಲ. ಬಾಟಲ್ ತೊಳೆಯೋ ಬ್ರಷ್ ಇರುತ್ತಲ್ಲ, ಅದನ್ನೇ ಕಡ್ಡಿಯಷ್ಟು ಸಣ್ಣಕ್ಕೆ ಮಾಡಿರುತ್ತಾರೆ, ಮೆಡಿಕಲ್ ಶಾಪಲ್ಲಿ ಸಿಗುತ್ತೆ.

ಹಲ್ಲು ನೋಡುವವ

ಆಂಟಿ ಹೇಳಿದ ಕೊನೆಯ ಮಾತನ್ನು ನಾನು ದಿನಾ ರೋಗಿಗಳಿಗೆ ಹೇಳುತ್ತಿರುತ್ತೇನೆ. ಒಸಡಿನಲ್ಲಿ ರಕ್ತ, ಕೀವು, ವಾಸನೆ ಕಂಡರೆ ನೋವಿಲ್ಲ ಅಂತ ಬಿಡಬೇಡಿ. ಇಂಪ್ಲಾಂಟಿನಲ್ಲಿ ನೋವು ಬರುವ ಹೊತ್ತಿಗೆ ಮೂಳೆ ಹೋಗಿರುತ್ತದೆ. ನಮ್ಮ ಹಲ್ಲಿಗೂ ಮೂಳೆಗೂ ನಡುವೆ ಸಣ್ಣ ನಾರುಗಳಿವೆ, ಅನ್ನದಲ್ಲಿ ಒಂದು ಕಲ್ಲು ಸಿಕ್ಕರೂ ತಕ್ಷಣ ಗೊತ್ತಾಗುವುದು ಅವುಗಳಿಂದ. ಇಂಪ್ಲಾಂಟಿಗೆ ಅವಿಲ್ಲ. ಬನ್ನೂರಿನವರ ಭಾವನಿಗೆ ಮೂಳೆ ಎಷ್ಟು ಜೋರಾಗಿ ಕಚ್ಚಿದರು ಅಂತ ಗೊತ್ತಾಗದಿದ್ದದ್ದೂ ಅದಕ್ಕೇ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದ ಮೇಲೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಉಳಿದಿರುತ್ತವೆ. ಆರು ತಿಂಗಳಿಗೊಮ್ಮೆ ತೋರಿಸಬೇಕು.

ಗುತ್ತಲು ರೋಡ್

ಎಲ್ಲರಿಗೂ ಧನ್ಯವಾದ. ಮೂಳೆ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಮಾತ್ರೆ ಶುರುವಾಗಿ ಎರಡು ವರ್ಷ ಆಗಿಲ್ಲ, ಮಾಡಿಸಬಹುದು, ಆ ಡಾಕ್ಟರ್ ಜೊತೆ ನಾನೇ ಮಾತಾಡುತ್ತೇನೆ ಅಂದರು. ಎಚ್‌ಬಿಎ1ಸಿ 8.4 ಬಂದಿದೆ. ಹಾಗಾಗಿ ಸದ್ಯಕ್ಕೆ ಇಂಪ್ಲಾಂಟ್ ಇಲ್ಲ, ಶುಗರ್ ಇಳಿಸೋ ಕೆಲಸ. ಅಮ್ಮನಿಗೆ ಇದರಿಂದ ಖುಷಿಯೇ ಆಗಿದೆ! ಎಲೆ ಅಡಿಕೆಗೆ ಕಡ್ಡಿಪುಡಿ ಬೇಡ, ಆಮೇಲೆ ಅಡಿಕೆಯೂ ಬೇಡ ಅಂದಿದ್ದಕ್ಕೆ ಮಾತ್ರ ಎರಡು ದಿನ ಮಾತು ಬಿಟ್ಟಿದ್ದರು. ಈಗ ಸೋಂಪು ಹಾಕಿಕೊಳ್ಳುತ್ತಿದ್ದಾರೆ, ಕದ್ದು ಹಾಕುತ್ತಾರೋ ಏನೋ ನೋಡಬೇಕು.

ಸರ್, ಕಡೆಯದಾಗಿ, ಮೂರು ತಿಂಗಳಾದ ಮೇಲೆ ಶುಗರ್ ಸರಿಹೋಯಿತು ಅಂತಿಟ್ಟುಕೊಳ್ಳಿ. ಆಪರೇಷನ್ ದಿನ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಕಾ?

ಹಲ್ಲು ನೋಡುವವ

ಬೇಡವೇ ಬೇಡ. ಮರಗಟ್ಟಿಸಿ ಮಾಡುವುದಕ್ಕೆ ಉಪವಾಸ ಬೇಕಿಲ್ಲ. ಪ್ರಜ್ಞೆ ತಪ್ಪಿಸುತ್ತೇವೆ, ನಿದ್ದೆ ಬರಿಸುತ್ತೇವೆ ಅಂತ ಅವರು ಹೇಳಿದರೆ ಮಾತ್ರ ಬೇರೆ. ಬೆಳಗಿನ ಅಪಾಯಿಂಟ್ಮೆಂಟ್ ತಗೊಳ್ಳಿ, ತಿಂಡಿ ತಿನ್ನಿಸಿ, ಶುಗರ್ ಮಾತ್ರೆ ಎಂದಿನ ಹಾಗೇ ಕೊಡಿ. ಮಾತ್ರೆ ನುಂಗಿ ತಿಂಡಿ ಬಿಟ್ಟು ಬಂದು ಕುರ್ಚಿಯಲ್ಲಿ ಬೆವರಿ ತಲೆ ಸುತ್ತಿ ಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಮನೆಯಲ್ಲಿರುವ ಮಾತ್ರೆ ಸ್ಟ್ರಿಪ್ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ, ವಾರಕ್ಕೊಂದರದ್ದೂ ಸೇರಿಸಿ. ವಾಪಸ್ ಬರುವಾಗ ನಿಂತುಕೊಂಡು ಬಸ್ಸಿನಲ್ಲಿ ಬೇಡ, ಕಾರ್ ಮಾಡಿಕೊಳ್ಳಿ. ಮರಗಟ್ಟಿದ್ದು ಇಳಿಯಲು ಎರಡು ಮೂರು ಗಂಟೆ ಬೇಕು. ಅದು ಇಳಿಯುವ ಮುಂಚೆಯೇ ನೋವಿನ ಮಾತ್ರೆ ಕೊಟ್ಟುಬಿಡಿ, ಬಿಸಿ ಕಾಫಿ ಕೊಡಬೇಡಿ, ತುಟಿ ಸುಟ್ಟರೂ ಗೊತ್ತಾಗುವುದಿಲ್ಲ.